ಪತ್ತಾರ ಕಾಕಾನ ಗುಂಯ್‌ಗುಡುವ ಡಬ್ಬಿ

ನಮ್ಮೂರು ಹೊಳಲು. ಹೂವಿನಹಡಗಲಿ ತಾಲ್ಲೂಕು. 2021ರ ತನಕ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಹಡಗಲಿ ಮಲ್ಲಿಗೆ ಗೊತ್ತಿರುವವರಿಗೂ ಹೊಳಲು ಗೊತ್ತಿರೋದಿಲ್ಲ, ಅದಕ್ಕೇನೂ ಬೇಜಾರಿಲ್ಲ. ಇವತ್ತು ಬರೀತಿರೋದು ಮಲ್ಲಿಗೆ ಬಗ್ಗೆ ಅಲ್ಲ. ನಮ್ಮೂರಿನ ಪತ್ತಾರರೊಬ್ಬರ ಅಂಗಡಿಯಲ್ಲಿರೋ ಅಲ್ಟ್ರಾಸಾನಿಕ್ ಯಂತ್ರದ ಬಗ್ಗೆ, ಅದರಲ್ಲೂ ಅದರ ಪವರ್ ಸಪ್ಲೈ ಬಗ್ಗೆ. ಇ ಅಂಡ್ ಸಿ ಓದಿ ಕೊನೆಗೆ ಜಾವಾ ಬರೆದುಕೊಂಡಿರೋ ಅಸಂಖ್ಯ ಜನರಲ್ಲಿ ನಾನೂ ಒಬ್ಬ. ಹಾಗಾಗಿ ಕೈಗೆ ಸೋಲ್ಡರಿಂಗ್ ಕಡ್ಡಿ ಸಿಕ್ಕರೆ ಒಂದು ಬರಹ ಆಗಲೇಬೇಕು :-)

ಪತ್ತಾರ ಕಾಕಾಗೆ ಅರವತ್ತು ದಾಟಿದೆ. ಹಳೇ ಒಡವೆಯ ಸಂದಿಯಲ್ಲಿ ಕೂತ ಕೊಳೆಯನ್ನ ಅಂಟವಾಳಕಾಯಿ ನೀರು, ಬ್ರಷ್ಷು ಹಿಡಿದು ತಿಕ್ಕಿ ತೆಗೆಯೋದು ಅವರ ಕೆಲಸದ ದೊಡ್ಡ ಭಾಗ. ಈಗ ಕಣ್ಣು ಸಾಲದು, ಕೈ ನಡುಗುತ್ತೆ. ಮಗ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ, ಈ ಕಸುಬಿಗೆ ಬರೋಲ್ಲ ಅಂತ ಹೇಳಿಯಾಗಿದೆ. ಆರು ಲೀಟರಿನ ಆ ಸ್ಟೀಲ್ ಡಬ್ಬಿಯೇ ಅವರಿಗೆ ಎರಡನೇ ಕೈ. ಅದು ಕೆಟ್ಟರೆ ಮದುವೆ ಸೀಸನ್ನಿನ ಪಾಲಿಶ್ ಕೆಲಸವೆಲ್ಲ ಪಟ್ಟಣದ ದೊಡ್ಡ ಅಂಗಡಿಗಳ ಪಾಲು. ಒಂದು ಸಲ ಹೋದ ಗಿರಾಕಿ ತಿರುಗಿ ಬರೋದು ಕಷ್ಟ.

“ಹತ್ತು ನಿಮಿಷ ಗುಂಯ್ ಅಂತೈತಿ, ಆಮ್ಯಾಲೆ ಟಪ್ ಅಂತೈತಿ ನೋಡಪಾ. ಮೂರು ಸಲ ರಿಪೇರಿ ಮಾಡಿಸಿದೆ, ಮೂರು ಸಲಾನೂ ಅದ ಕತಿ. ಮಾರಿಬಿಡ್ಲೇನು?” ಅಂದ್ರು. ಯಾರು ತಗೊಳ್ತಾರೆ ಕಾಕಾ, ತೂಕಕ್ಕೆ ಹಾಕಬೇಕಷ್ಟೆ ಅಂದೆ.

ಡಬ್ಬಿ ಬಿಚ್ಚೋ ಮುಂಚೆ ಅದು ಕೆಲಸ ಮಾಡೋ ರೀತಿ ಸ್ವಲ್ಪ ಹೇಳಿಬಿಡ್ತೀನಿ. ತಳದಲ್ಲಿ ಹೊರಗಿನಿಂದ ಮೂರು ಟ್ರಾನ್ಸ್‌ಡ್ಯೂಸರ್ ಅಂಟಿಸಿರ್ತಾರೆ. ಒಂದೊಂದೂ ಎರಡು ಲೋಹದ ತುಂಡುಗಳ ನಡುವೆ ಪೀಜೋ ಬಿಲ್ಲೆಗಳನ್ನ ಬೋಲ್ಟಿನಿಂದ ಬಿಗಿದು ಮಾಡಿದ್ದು. ಲೋಹದ ನಡುವೆ ಹರಳನ್ನು ಕೂರಿಸೋ ಈ ಉಪಾಯ ಫ್ರಾನ್ಸಿನ ಪಾಲ್ ಲಾಂಜೆವಿನ್ ಅವರದು, ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹುಡುಕೋಕೆ ಮಾಡಿದ್ದು. ಸೆಕೆಂಡಿಗೆ 40,000 ಸಲ ನಡುಗಿಸಿದರೆ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ಒಳಮುಖವಾಗಿ ಒಡೀತವೆ. ಆ ಒಡೆತವೇ ತಿಕ್ಕೋದು, ಬ್ರಷ್ಷು ಹೋಗದ ಜಾಗದಲ್ಲೂ.

ಅಂದ ಹಾಗೆ ಈ ವಿದ್ಯೆಗೂ ಕರ್ನಾಟಕಕ್ಕೂ ಹಳೇ ನಂಟಿದೆ. ಶ್ರವಣಾತೀತ ತರಂಗ ಹಾಯುತ್ತಿರೋ ದ್ರವದಲ್ಲಿ ಬೆಳಕು ಹೇಗೆ ಚದುರುತ್ತೆ ಅನ್ನೋದನ್ನ 1935-36ರಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ವಿವರಿಸಿದ್ದು ಬೆಂಗಳೂರಿನಿಂದಲೇ. ರಾಮನ್-ನಾಥ್ ಸಿದ್ಧಾಂತ ಅಂತ ಇವತ್ತಿಗೂ ಹೆಸರಿದೆ. ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ದಿನಾ ಬಸ್ಸಿನಲ್ಲಿ ಹೋಗೋವಾಗ ಇದು ನೆನಪಾಗಲ್ಲ, ಹೊಳಲಿನ ಡಬ್ಬಿ ಬಿಚ್ಚೋವಾಗ ನೆನಪಾಗುತ್ತೆ.

ಇರಲಿ. ಈ ಯಂತ್ರದ ಪವರ್ ಸಪ್ಲೈ ನಮ್ಮ ಮೊಬೈಲ್ ಚಾರ್ಜರಿನ ಹಾಗಲ್ಲ. ಚಾರ್ಜರಿಗೆ ಎದುರಿಗಿರೋ ಲೋಡಿನ ಹಂಗಿಲ್ಲ, 5 ವೋಲ್ಟ್ ಕೊಟ್ಟು ಸುಮ್ಮನಾಗುತ್ತೆ. ಇಲ್ಲಿ ಟ್ರಾನ್ಸ್‌ಡ್ಯೂಸರೂ ಸರ್ಕ್ಯೂಟಿನ ಒಂದು ಭಾಗ. ವಿದ್ಯುತ್ತಿನ ಲೆಕ್ಕದಲ್ಲಿ ಅದೊಂದು ಕೆಪ್ಯಾಸಿಟರ್, ಸುಮಾರು 4 ನ್ಯಾನೋಫ್ಯಾರಡ್. ಮೂರು ಸೇರಿ 12. ಅದರ ಜೊತೆ ಸರಣಿಯಲ್ಲಿ ಒಂದು ಇಂಡಕ್ಟರ್ ಸುರುಳಿ ಇಟ್ಟು 40 ಕಿಲೋಹರ್ಟ್ಸಿಗೆ ಶ್ರುತಿ ಮಾಡಬೇಕು. ಬರೀ ಆ 12 ನ್ಯಾನೋಫ್ಯಾರಡ್ ಹಿಡಿದರೆ ಸುರುಳಿ 1.3 ಮಿಲಿಹೆನ್ರಿ ಆಗುತ್ತೆ. ಈ ಸುರುಳಿ-ಕೆಪ್ಯಾಸಿಟರ್ ಜೋಡಿಯನ್ನ ಎರಡು ಮಾಸ್ಫೆಟ್‌ಗಳು ಸರದಿಯಂತೆ ಅತ್ತ ಇತ್ತ ತಳ್ತವೆ.

ನಾಗರಪಂಚಮಿ ಜೋಕಾಲಿ ನೆನೆಸಿಕೊಳ್ಳಿ. ಸರಿಯಾದ ಹೊತ್ತಿಗೆ ಸಣ್ಣದಾಗಿ ತಳ್ಳಿದರೆ ಸಾಕು, ಮುಗಿಲಿಗೆ ಏರುತ್ತೆ. ಜೋಕಾಲಿ ಇನ್ನೂ ನಮ್ಮ ಕಡೆಗೇ ಬರ್ತಿರುವಾಗ ಎದುರು ಕೈ ಕೊಟ್ಟರೆ ಮುಂಗೈ ಮುರಿಯುತ್ತೆ. ಮಾಸ್ಫೆಟ್ಟಿಗೂ ಹಾಗೇ. ಅನುರಣನದ ಆವರ್ತಕ್ಕಿಂತ ಒಂಚೂರು ಮೇಲೆ ನಡೆಸಿದರೆ ವೋಲ್ಟೇಜು ಸೊನ್ನೆಗಿಳಿದ ಮೇಲೆ ಸ್ವಿಚ್ ಆನ್ ಆಗುತ್ತೆ, ಬಿಸಿ ಕಡಿಮೆ. ಕೆಳಗೆ ಜಾರಿತೋ, ಪ್ರತಿ ಸಲವೂ ಎದುರು ಬರೋ ಕರೆಂಟಿಗೆ ಕೈ ಕೊಟ್ಟ ಹಾಗೆ. ಸೆಕೆಂಡಿಗೆ 40,000 ಸಲ! ಟಪ್ ಅನ್ನದೆ ಇನ್ನೇನು?

ಹಗ್ಗದ ಉದ್ದ ಬದಲಾದರೆ ಜೋಕಾಲಿಯ ಲಯವೂ ಬದಲಾಗುತ್ತೆ. ಇಲ್ಲಿ ಆ ಹಗ್ಗ ದಿನಾ ಬದಲಾಗುತ್ತೆ: ನೀರಿನ ಮಟ್ಟ, ನೀರಿನ ಬಿಸಿ, ಟ್ರಾನ್ಸ್‌ಡ್ಯೂಸರಿನ ಬಿಸಿ. ಕಾಕಾನ ಯಂತ್ರದಲ್ಲಿದ್ದದ್ದು 3525 ಐಸಿಯ ಸ್ಥಿರ ಆಸಿಲೇಟರ್. ಲೋಡನ್ನ ಹಿಂಬಾಲಿಸೋ ವ್ಯವಸ್ಥೆ ಅದರಲ್ಲಿಲ್ಲ. ಪ್ರಿಸೆಟ್ ಒಂದು ಸಲ ತಿರುಗಿಸಿ ಬಣ್ಣ ಬಳಿದು ಕಳಿಸಿದ್ದಾರೆ, ಅಷ್ಟೆ.

ಮುಚ್ಚಳ ತೆಗೆದ ತಕ್ಷಣ ಕಣ್ಣಿಗೆ ಬಿದ್ದದ್ದು 220 ಮೈಕ್ರೋಫ್ಯಾರಡ್, 400 ವೋಲ್ಟಿನ ದಪ್ಪ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ಬೋರ್ಡಿನ ಮೇಲೆ ಜಾಗವಿಲ್ಲದೆ ವೈರಿನಲ್ಲಿ ಜೋತಾಡ್ತಿತ್ತು. ಬ್ರಿಡ್ಜ್ ರೆಕ್ಟಿಫೈಯರಿನ ಮುಂದೆ ಬೋರ್ಡಿನ ಮೇಲೆ ಅಚ್ಚಾಗಿದ್ದ ಬೆಲೆ ಮಾತ್ರ 1 ಮೈಕ್ರೋಫ್ಯಾರಡ್. ಯಾರೋ ರಿಪೇರಿಯವರು “ಇಷ್ಟು ಚಿಕ್ಕ ಫಿಲ್ಟರ್ ಎಲ್ಲಾದರೂ ಉಂಟೇ” ಅಂತ ದೊಡ್ಡದು ಹಾಕಿದ್ದಾರೆ. ಟಿ.ವಿ., ಕಂಪ್ಯೂಟರ್ ರಿಪೇರಿ ಮಾಡಿದ ಯಾರಿಗಾದರೂ ಹಾಗನ್ನಿಸೋದು ಸಹಜ.

ಆದರೆ ಇದು ಬೇಕಂತಲೇ ಫಿಲ್ಟರ್ ಇಲ್ಲದ ಸಪ್ಲೈ. ರೆಕ್ಟಿಫೈ ಆದ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿದು ಏರುತ್ತೆ, ಅದರ ಜೊತೆ ಶಬ್ದವೂ ಏರಿಳಿಯುತ್ತೆ. ನಮ್ಮ ಕಿವಿಗೆ ಕೇಳೋ ಗುಂಯ್ ಅದೇ. 40 ಕಿಲೋಹರ್ಟ್ಸ್ ನಮಗೆಲ್ಲಿ ಕೇಳಬೇಕು! ಏರಿಳಿಯೋ ವೋಲ್ಟೇಜಿನ ಶಿಖರ 325 ಆದರೂ ಪರಿಣಾಮದ ಲೆಕ್ಕದಲ್ಲಿ ಅದು 230. ದೊಡ್ಡ ಕೆಪ್ಯಾಸಿಟರ್ ಹಾಕಿದರೆ ಯಾವಾಗಲೂ 325 ಆಸುಪಾಸು. ಪವರ್ ವೋಲ್ಟೇಜಿನ ವರ್ಗಕ್ಕೆ ಹೊಂದಿಕೊಂಡಿರೋದ್ರಿಂದ ಅದು ನೇರ ಎರಡರಷ್ಟು. 180 ವಾಟಿನ ಯಂತ್ರ 360 ವಾಟ್ ಎಳೀತಿತ್ತು. ಟ್ರಾನ್ಸ್‌ಡ್ಯೂಸರ್ ಕಾದು, ಒಂದರ ಅಂಟು ಬಿಟ್ಟು, ಅದರ ಲಯ ಬದಲಾಗಿ ಮಾಸ್ಫೆಟ್ ಸುಟ್ಟಿದೆ. ಅವರು ಪ್ರತಿ ಸಲ ಹೊಸ ಮಾಸ್ಫೆಟ್ ಹಾಕಿದ್ದಾರೆ, ಕಾರಣ ಅಲ್ಲೇ ಜೋತಾಡ್ತಾ ಇದೆ.

ಬಿಟ್ಟ ಟ್ರಾನ್ಸ್‌ಡ್ಯೂಸರ್ ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡ್ತಿತ್ತು. “ಅದೊಂದು ವೈರ್ ಕಿತ್ತು ಎರಡರಾಗ ನಡಸು” ಅಂದ್ರು ಕಾಕಾ. ಆಗಲ್ಲ. 12 ಹೋಗಿ 8 ನ್ಯಾನೋಫ್ಯಾರಡ್ ಆದರೆ 1.3ರ ಸುರುಳಿ ಸಾಲದು, ಹತ್ತಿರ ಹತ್ತಿರ 2 ಮಿಲಿಹೆನ್ರಿ ಬೇಕು. ಒಂದನ್ನ ಮುಟ್ಟಿದರೆ ಎಲ್ಲಾ ಮುಟ್ಟಬೇಕು. ಹಳೇ ಅಂಟು ಕೆರೆದು ಎಪಾಕ್ಸಿ ಹಚ್ಚಿ, ಭಾರ ಹೇರಿ ಒಂದು ದಿನ ಬಿಟ್ಟೆ. (ಮುಟ್ಟೋ ಮುಂಚೆ ಎರಡೂ ತಂತಿ ಜೋಡಿಸಿ ಶಾರ್ಟ್ ಮಾಡಿ. ಪೀಜೋ ಬಿಲ್ಲೆ ಬಿಸಿ-ತಂಪು ಆದರೂ ಸಾಕು, ಚಾರ್ಜ್ ಆಗಿ ಶಾಕ್ ಹೊಡೆಯುತ್ತೆ.) ಎಸ್.ಪಿ. ರೋಡಿನಿಂದ ತಂದಿದ್ದ ಮಾಸ್ಫೆಟ್ ಜೋಡಿ ಹಾಕಿದೆ. 220 ಕಿತ್ತು 1 ಮೈಕ್ರೋಫ್ಯಾರಡ್ಡಿನ ಫಿಲ್ಮ್ ಕೆಪ್ಯಾಸಿಟರ್ ಕೂರಿಸಿದೆ.

ಮೊದಲ ಸಲ ಆನ್ ಮಾಡೋವಾಗ ಸರಣಿಯಲ್ಲಿ 100 ವಾಟಿನ ಬಲ್ಬ್ ಇರಲೇಬೇಕು. ಏನಾದರೂ ಶಾರ್ಟ್ ಆದರೆ ಬಲ್ಬ್ ಪೂರ್ತಿ ಉರಿಯುತ್ತೆ, ಮಾಸ್ಫೆಟ್ ಉಳಿಯುತ್ತೆ. ಬಲ್ಬ್ ಮಂದವಾಗಿ ಕೆಂಪಾಯ್ತು, ಸರಿ. ಬಲ್ಬ್ ತೆಗೆದು, ತೊಟ್ಟಿ ತುಂಬ ಬೆಚ್ಚನೆ ನೀರಿಟ್ಟು, ಸುರುಳಿ ಪಕ್ಕ ನಾಲ್ಕು ಸುತ್ತು ವೈರ್ ಹಿಡಿದು ಬ್ಯಾಟರಿ ಸ್ಕೋಪಿನಲ್ಲಿ ನೋಡ್ತಾ ಪ್ರಿಸೆಟ್ಟನ್ನ ಮೇಲಿನಿಂದ ನಿಧಾನಕ್ಕೆ ಇಳಿಸಿದೆ. ಹೊರಗೆ 40 ಅಂತ ಬರೆದಿದ್ದರೂ ನಮಗೆ ಸಿಕ್ಕ ಜಾಗ 39ಕ್ಕೆ ಹತ್ತಿರ. ಶಿಖರಕ್ಕೆ ಹೋಗದೆ ಒಂಚೂರು ಮೇಲೇ ನಿಲ್ಲಿಸಿದೆ. ಶಬ್ದ ಸ್ವಲ್ಪ ಕಡಿಮೆ, ಆಯುಷ್ಯ ಜಾಸ್ತಿ.

ಪರೀಕ್ಷೆಗೆ ಅಲ್ಯೂಮಿನಿಯಂ ಫಾಯಿಲ್ ಸಾಕು. ಹೊಸ ನೀರಿನಲ್ಲಿ ಗಾಳಿ ಕರಗಿರುತ್ತೆ, ಅದು ಹೋಗೋ ತನಕ ಐದು-ಹತ್ತು ನಿಮಿಷ ಖಾಲಿ ನಡೆಸಬೇಕು. ಆಮೇಲೆ ಫಾಯಿಲ್ ತುಂಡು ನೀರಿಗಿಳಿಸಿ ಒಂದು ನಿಮಿಷ ಹಿಡಿದರೆ ಇರುವೆ ಕಡಿದಂತೆ ತೂತು ಬೀಳುತ್ತೆ. ಮೂರೂ ಕಡೆ ಬಿತ್ತು. ಅಂಟು ಹಾಕಿದ ಕಡೆ ಸ್ವಲ್ಪ ಕಡಿಮೆ. ಅರ್ಧ ಗಂಟೆ ನಡೆಸಿ ಆಫ್ ಮಾಡಿ, ಪ್ಲಗ್ ಕಿತ್ತು ಹೀಟ್‌ಸಿಂಕ್ ಮುಟ್ಟಿ ನೋಡಿದ್ರೆ ಉಗುರುಬೆಚ್ಚಗಷ್ಟೇ.

ಇಷ್ಟಾದ ಮೇಲೂ ಎಲ್ಲವನ್ನೂ ಅದರೊಳಗೆ ಹಾಕೋ ಹಾಗಿಲ್ಲ. ಮುತ್ತಿನ ಮೇಲ್ಮೈ ಹೋಗುತ್ತೆ, ಎಣ್ಣೆ ತುಂಬಿಸಿದ ಪಚ್ಚೆ ಬಿರಿಯಬಹುದು. ಇವನ್ನೆಲ್ಲ ದೊಡ್ಡದಾಗಿ ಹೇಳೋಕೆ ಹೋದೆ, ಕಾಕಾಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಒಬ್ಬ ಅಜ್ಜಿ ಗುಂಡಿನ ಸರ ತಂದ್ರು, “ಮಷೀನಿಗೆ ಹಾಕಿ ಕೊಡಪಾ, ಸಂಜಿಗೆ ಮೊಮ್ಮಗಳ ನಿಶ್ಚಯ” ಅಂತ. ಕಾಕಾ ಒಂದು ಗುಂಡು ಬೆರಳಲ್ಲಿ ಉರುಳಿಸಿ, ತೂಕ ನೋಡಿ, “ಒಳಗ ಅರಗು ಐತಬೇ, ಇದಕ್ಕ ಮಷೀನು ಬರಾಂಗಿಲ್ಲ” ಅಂದು ಅಂಟವಾಳದ ಬಟ್ಟಲು ಹತ್ತಿರ ಎಳಕೊಂಡ್ರು.