ಪಡೀಲಿನ ರೈಲು, 36 ಚಿತ್ರಗಳ ರೀಲು

ಮಂಗಳೂರಿನಿಂದ ಬಂಟ್ವಾಳದತ್ತ ಹೊರಟರೆ ನಗರದ ಅಂಚಿನಲ್ಲಿ ಸಿಗುವುದು ಪಡೀಲ್. ಹಿಂದೆ ಕಂಕನಾಡಿ ಎನಿಸಿಕೊಂಡಿದ್ದ ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇಲ್ಲಿದೆ. ಕೇರಳದಿಂದ ಕೊಂಕಣ ಮಾರ್ಗವಾಗಿ ಮುಂಬಯಿಯತ್ತ ಸಾಗುವ ರೈಲುಗಳಿಗೆ ಇದೇ ದಾರಿ.

ವರ್ಷಗಟ್ಟಲೆ ಡಿಜಿಟಲ್ ಕ್ಯಾಮೆರಾ ಬಳಸಿ, ಈಗ ಕಪಾಟಿನ ಹಳೆಯ ರೀಲು ಕ್ಯಾಮೆರಾವನ್ನು ಮತ್ತೆ ಹೊರತೆಗೆದವರಿಗೆ ಪಡೀಲ್ ಒಳ್ಳೆಯ ಪಾಠಶಾಲೆ. ರೀಲಿನಲ್ಲಿರುವುದು 36 ಚಿತ್ರ. ರೈಲು ಕಣ್ಣೆದುರು ಇರುವುದು ಕೆಲವೇ ಕ್ಷಣ. ಹತ್ತು ತೆಗೆದು ಒಂಬತ್ತನ್ನು ಅಳಿಸುವ ಸೌಕರ್ಯ ಇಲ್ಲಿಲ್ಲ. ಹಳಿಯಿಂದ ದೂರ ನಿಂತು, ಬೆಳಕನ್ನು ಮೊದಲೇ ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. ಚುರುಕು ಬಿಸಿಲಿನಲ್ಲಿ 100 ವೇಗದ ಫಿಲ್ಮಿಗೆ ಅಪರ್ಚರ್ ಎಫ್-16, ಶಟರ್ ವೇಗ ಸೆಕೆಂಡಿನ 1/125 ಭಾಗ. ಓಡುವ ರೈಲು ಮಸುಕಾಗದಿರಲೆಂದು ಶಟರನ್ನು 1/500ಕ್ಕೆ ಏರಿಸಿದರೆ ಒಳಬರುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಕೊರತೆ ತುಂಬಲು ಅಪರ್ಚರನ್ನು ಎಫ್-8ಕ್ಕೆ ಹಿಗ್ಗಿಸಬೇಕು. ಲೆಕ್ಕ ಸರಿಯಿತ್ತೇ ಎಂಬುದು ರೀಲು ತೊಳೆಸಿದ ಮೇಲೆಯೇ ತಿಳಿಯುವುದು.

ಊರು ಬದಲಾಗುತ್ತಿದೆ. 2025ರಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಸಂಕೀರ್ಣ ‘ಪ್ರಜಾಸೌಧ’ ಇಲ್ಲಿ ಉದ್ಘಾಟನೆಗೊಂಡಿತು. ಹಳೆಯ ಪಡೀಲಿನ ನೋಟ ಎಷ್ಟೋ ಮನೆಗಳ ನೆಗೆಟಿವ್‌ಗಳಲ್ಲಿ ಉಳಿದಿರಬಹುದು. ಆದರೆ ಕರಾವಳಿಯ ಮಳೆಗಾಲದ ತೇವಕ್ಕೆ ನೆಗೆಟಿವಿಗೂ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬದಲ್ಲಿಟ್ಟರೆ ಉಳಿದಾವು.

ಈ ಭಾನುವಾರ ಮಕ್ಕಳೊಡನೆ ಕಪಾಟಿನ ಹಳೆಯ ಲಕೋಟೆಗಳನ್ನೊಮ್ಮೆ ತೆರೆದು ನೋಡಿ. ನೆಗೆಟಿವನ್ನು ಅಂಚಿನಲ್ಲೇ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ. ಮಕ್ಕಳು ಕಾಣದ ಅಜ್ಜಿ ಅಲ್ಲಿ ಕಾಣಸಿಕ್ಕಾರು.