ಚೀಟಿ ಓದುವ ಕೆಲಸ

ಡಾಕ್ಟರ ಕೈಬರಹ ನಮಗೆ ನಗೆಯ ವಿಷಯ. ಇಂಗ್ಲೆಂಡಿನಲ್ಲಿ ಅದು ಒಮ್ಮೆ ಕೋರ್ಟು ಹತ್ತಿತ್ತು. ಎದೆಯ ಸೋಂಕಿಗೆಂದು ಬರೆದದ್ದು ಅಮಾಕ್ಸಿಲ್ ಎಂಬ ಆ್ಯಂಟಿಬಯಾಟಿಕ್. ಅಂಗಡಿಯಲ್ಲಿ ಓದಿಕೊಂಡದ್ದು ಡಯೋನಿಲ್, ಅಂದರೆ ಸಕ್ಕರೆ ಕಾಯಿಲೆಯ ಮಾತ್ರೆ. ಆ ರೋಗಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ರಕ್ತದ ಸಕ್ಕರೆ ಕುಸಿದು ಮಿದುಳಿಗೆ ಶಾಶ್ವತ ಹಾನಿಯಾಯಿತು.

1989ರ ತೀರ್ಪಿನಲ್ಲಿ ಹೊಣೆ ಹಂಚಿದ್ದು ಹೀಗೆ: ಗೀಚಿದ ವೈದ್ಯರಿಗೆ ಶೇ. 25, ಫಾರ್ಮಸಿಸ್ಟ್‌ಗೆ ಶೇ. 75. ಅನ್ಯಾಯ ಅನ್ನಿಸುತ್ತದೆ, ಅಲ್ಲವೇ? ಆದರೆ ಚೀಟಿಯಲ್ಲಿದ್ದ ಡೋಸು ಡಯೋನಿಲ್‌ಗೆ ಹೊಂದುತ್ತಲೇ ಇರಲಿಲ್ಲ. ಅಲ್ಲಿ ಸಕ್ಕರೆ ರೋಗಿಗಳಿಗೆ ಔಷಧಿ ಉಚಿತ. ಈತ ದುಡ್ಡು ಕೊಟ್ಟಿದ್ದ. ಅರೆಕ್ಷಣ ಅನುಮಾನ ಬಂದಿದ್ದರೂ ಸಾಕಿತ್ತು.

ನಮ್ಮಲ್ಲೂ ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂಬ ನಿಯಮ 2016ರಲ್ಲೇ ಬಂತು. (ಪಾಲನೆಯ ಮಾತು ಬೇಡ ಬಿಡಿ.) ಹಾಗಾಗಿ ಕೊಟ್ಟ ಮಾತ್ರೆ ಚೀಟಿಯಲ್ಲಿದ್ದದ್ದೇ ಎಂದು ನಾವೂ ನೋಡಿಕೊಳ್ಳಬೇಕು. ಆದರೆ ಸಂಜೆ ಏಳರ ಮೆಡಿಕಲ್ ಶಾಪಿನ ನೂಕುನುಗ್ಗಲಲ್ಲಿ ಹುಡುಗ ಸ್ಟ್ರಿಪ್ಪು ಕತ್ತರಿಸಿ ಕೊಡುವಾಗ ಎಷ್ಟೋ ಸಲ ಹೆಸರೂ ಎಕ್ಸ್‌ಪೈರಿ ದಿನಾಂಕವೂ ಅಂಗಡಿಯಲ್ಲೇ ಉಳಿಯುತ್ತವೆ. ಹೆಸರಿರುವ ತುಂಡನ್ನೇ ಕೇಳಿ. ಗೊಣಗುತ್ತಾನೆ, ಗೊಣಗಲಿ.