ಹುಸೇನ್ ಸಾಗರದ ದಡದಲ್ಲಿ ಒಂದು ಅಳತೆಕೋಲು

ನಾರಾಯಣಪೇಟೆಯ ಸೀಮೆಯವರಾದ ನಮಗೆ ಹೈದರಾಬಾದೆಂದರೆ ಕಚೇರಿ, ಆಸ್ಪತ್ರೆ ಮತ್ತು ಮದುವೆಯ ಜವಳಿ. ಹೋದ ಕೆಲಸ ಮುಗಿದೊಡನೆ ಬಸ್ಸು ಹಿಡಿದು ಮರಳುವುದೇ ವಾಡಿಕೆ. ಈ ಸಲ ಆಷಾಢದಲ್ಲಿ ಕೆಲಸ ಬೇಗ ಮುಗಿದುದರಿಂದ ಹುಸೇನ್ ಸಾಗರದ ದಡಕ್ಕೆ ಹೋದೆ. ಅಲ್ಲಿ ಎರಡು ದಿನ ನಿಂತುಬಿಡುವೆನೆಂದು ಹೊರಡುವಾಗ ಎಣಿಸಿರಲಿಲ್ಲ.

ಇಬ್ರಾಹಿಂ ಕುಲಿ ಕುತುಬ್ ಶಾಹನ ಆಳ್ವಿಕೆಯಲ್ಲಿ, ಹದಿನಾರನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಕೆರೆಯಿದು. ನಡುನೀರಿನ ಬಂಡೆಯ ಮೇಲೆ ನಿಂತಿರುವ ಏಕಶಿಲೆಯ ಬುದ್ಧನನ್ನು ಎಲ್ಲರೂ ಬಲ್ಲರು. 1990ರಲ್ಲಿ ಸಾಗಿಸುವಾಗ ಆ ವಿಗ್ರಹ ನೀರಿಗುರುಳಿ, ಜೀವಗಳನ್ನೂ ಬಲಿ ತೆಗೆದುಕೊಂಡು, ಎರಡು ವರ್ಷಕ್ಕೂ ಹೆಚ್ಚು ಕಾಲ ಕೆರೆಯ ತಳದಲ್ಲಿತ್ತು. 1992ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಆ ಬುದ್ಧನ ಸುತ್ತ ಆಷಾಢದ ಗಾಳಿಯಲ್ಲಿ ಬಿಳಿಯ ಹಾಯಿಗಳು ಓಡಾಡುವುದನ್ನು ಮಾತ್ರ ನಮ್ಮವರಲ್ಲಿ ಕಂಡವರು ಕಡಿಮೆ. ನಮ್ಮ ಹೊಲಗಳಲ್ಲಿ ಮೋಡವನ್ನು ಚದುರಿಸಿ ರೈತನನ್ನು ಗೋಳಾಡಿಸುವ ಗಾಳಿಯೇ ಇಲ್ಲಿ ದೋಣಿಯವರಿಗೆ ಸುಗ್ಗಿ.

ನಾನು ಹೋದ ದಿನ ಪಂದ್ಯವಿರಲಿಲ್ಲ, ಪಂದ್ಯಕ್ಕೆ ಮೊದಲಿನ ತಪಾಸಣೆಯಿತ್ತು. ಸಾಲಾಗಿ ಇಟ್ಟಿದ್ದ ಪುಟ್ಟ ದೋಣಿಗಳ ಬಳಿ ಹಿರಿಯರೊಬ್ಬರು ಪಟ್ಟಿ ಹಿಡಿದು ಒಂದೊಂದನ್ನೂ ಅಳೆಯುತ್ತಿದ್ದರು. ನನ್ನ ತೆಲುಗಿನೊಳಗಿನ ಕನ್ನಡದ ವಾಸನೆ ಅವರಿಗೆ ಹತ್ತಿರಬೇಕು. "ಯಾವ ಕಡೆಯವರು ತಾವು?" ಎಂದು ಕನ್ನಡದಲ್ಲೇ ಕೇಳಿದರು. ಸೇನೆಯಲ್ಲಿದ್ದಾಗ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಕಟ್ಟಲು ಕಲಿತವರಂತೆ. ಆಮೇಲೆ ನನಗೆ ಗುರುವಿಗೆ ಕೊರತೆಯಾಗಲಿಲ್ಲ.

ಮಕ್ಕಳು ನಡೆಸುವ ಈ ದೋಣಿಯ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಪ್ಲೈವುಡ್ಡಿನಿಂದ ಪೆಟ್ಟಿಗೆಯಂತೆ ರೂಪಿಸಿದ್ದು. ಉದ್ದ ಸುಮಾರು 2.3 ಮೀಟರ್, ಒಡಲಿನ ತೂಕ 35 ಕಿಲೋಗಿಂತ ಕಡಿಮೆಯಿರಕೂಡದು. ಅದಕ್ಕಿಂತ ದೊಡ್ಡವರದು ಲೇಸರ್. 1996ರಿಂದ ಒಲಿಂಪಿಕ್ಸಿನಲ್ಲಿದೆ, ನಮ್ಮ ದೇಶದ ನೇತ್ರಾ ಕುಮನನ್ ಮತ್ತು ವಿಷ್ಣು ಸರವಣನ್ ಟೋಕಿಯೋದಲ್ಲಿ ನಡೆಸಿದ್ದು ಈ ವರ್ಗದ ದೋಣಿಗಳನ್ನೇ. ಎರಡರ ತತ್ತ್ವವೂ ಒಂದೇ: ದೋಣಿಗಳೆಲ್ಲ ಒಂದೇ ಬಗೆಯವಾಗಿರಬೇಕು, ಗೆದ್ದರೆ ಮನುಷ್ಯ ಗೆಲ್ಲಬೇಕೇ ಹೊರತು ಅವನ ಹಣವಲ್ಲ. ಲೇಸರಿನ ನಿಯಮವಂತೂ ಇನ್ನೂ ಬಿಗಿ. ಅಲ್ಲಿ 'ಮಾಡಬಹುದು' ಎಂದು ಬರೆಯದೆ ಇರುವುದೆಲ್ಲ ನಿಷಿದ್ಧ. ಒಡೆದದ್ದನ್ನು ದುರಸ್ತಿ ಮಾಡಬಹುದು, ಆದರೆ ದುರಸ್ತಿಯ ನೆವದಲ್ಲಿ ಮೂಲದ ಆಕಾರ ಬದಲಾಗಕೂಡದು.

ಹಿರಿಯರು ಮೊದಲು ದೋಣಿಗೆ ತೇಲುವ ಬಲ ಕೊಡುವ ಗಾಳಿಚೀಲಗಳನ್ನು ಒತ್ತಿ ನೋಡಿದರು. ನೀರು ತೋಡುವ ಡಬ್ಬಿಯನ್ನು ದೋಣಿಗೆ ಕಟ್ಟಿದೆಯೇ, ಎಳೆಯುವ ಹಗ್ಗ ಎಂಟು ಮೀಟರಿದೆಯೇ, ಅದು ನೀರಿನಲ್ಲಿ ತೇಲುವುದೇ ಎಂದು ಪರೀಕ್ಷಿಸಿದರು. ಆಮೇಲೆ ಹಾಯಿ. ಅದನ್ನು ಕಂಬಕ್ಕೆ ಸಣ್ಣ ಸಣ್ಣ ದಾರಗಳಿಂದ ಕಟ್ಟಿರುತ್ತಾರೆ. ಕಂಬಕ್ಕೂ ಹಾಯಿಯ ಅಂಚಿಗೂ ನಡುವೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಕೂಡದು. ದಾರ ಸಡಿಲಿಸಿದರೆ ಹಾಯಿಯ ಹೊಟ್ಟೆಯ ಉಬ್ಬು ಬದಲಾಗುತ್ತದೆ, ಅದರೊಡನೆ ಗಾಳಿಯ ಹಿಡಿತವೂ. ಕಿರುಬೆರಳಿನ ಅಗಲದಷ್ಟರಲ್ಲಿ ಇಷ್ಟು ಕಥೆಯಿದೆ!

ಉಟ್ಟ ಬಟ್ಟೆಗೂ ಮಿತಿಯಿದೆ ಎಂದಾಗ ನಾನು ನಕ್ಕೆ. ಅವರು ನಗಲಿಲ್ಲ. ದೋಣಿ ವಾಲಿದಾಗ ನಾವಿಕ ತನ್ನ ಮೈಭಾರವನ್ನು ಹೊರಚಾಚಿ ಅದನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಹಿಂದೆ ಕೆಲವರು ನೀರು ಹೀರುವ ದಪ್ಪ ಅಂಗಿಗಳನ್ನು ತೊಟ್ಟು ಭಾರ ಹೆಚ್ಚಿಸಿಕೊಳ್ಳುತ್ತಿದ್ದರಂತೆ. ಅದಕ್ಕೇ ಬಟ್ಟೆಯನ್ನು ನೆನೆಸಿ, ಒಂದು ನಿಮಿಷ ನೀರಿಳಿಯಲು ಬಿಟ್ಟು ತೂಗುವ ಪದ್ಧತಿ ಬಂದಿತು.

ನನಗೆ ನಮ್ಮ ಶಾಸನಗಳ 'ಗಳೆ' ನೆನಪಾಯಿತು. ಹೊಲ ಅಳೆಯುವ ಆ ಕೋಲಿನ ಪ್ರಮಾಣವನ್ನು ಹಿಂದಿನವರು ದೇಗುಲದ ಕಲ್ಲಿನ ಮೇಲೆ ಗೀರಿ ಇಡುತ್ತಿದ್ದರು. ಊರಗೌಡನಿಗೂ ಒಕ್ಕಲಿಗನಿಗೂ ಅದೇ ಗೀರು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಡ.

ಮರುದಿನ ಪಂದ್ಯ ನಡೆಯಿತು. ಮಧ್ಯಾಹ್ನದ ಒಂದು ಸುತ್ತಿನಲ್ಲಿ ಹದಿಮೂರರ ಹುಡುಗಿಯೊಬ್ಬಳು ಮೂರನೆಯವಳಾಗಿ ಬಂದಳು. ದಡದಲ್ಲಿ ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡುದನ್ನು ಕಂಡೆ. ಹುಡುಗಿ ಹಾಯಿ ಇಳಿಸಲು ಹೋದವಳು ಒಮ್ಮೆಲೇ ನಿಂತಳು. ನಡುವಿನ ಒಂದು ದಾರದ ಗಂಟು ಜಾರಿ, ಸಂದಿನಲ್ಲಿ ಎರಡು ಬೆರಳು ತೂರುವಂತಿತ್ತು. ಸುತ್ತಲಿನವರು ತಮ್ಮ ತಮ್ಮ ಗಡಿಬಿಡಿಯಲ್ಲಿದ್ದರು. ಅವಳು ಮಾತ್ರ ನೇರ ಆ ಹಿರಿಯರ ಬಳಿಗೆ ನಡೆದಳು.

ಅವರು ನೋಡಿ ತಾಳ್ಮೆಯಿಂದ ಹೇಳಿದರು: "ಸವೆತದಿಂದಲೋ ಪೆಟ್ಟಿನಿಂದಲೋ ಅಳತೆ ತಪ್ಪಿ, ಅದರಿಂದ ದೋಣಿಗೆ ಲಾಭವಾಗಿರದಿದ್ದರೆ ನಿಯಮದಲ್ಲಿ ಕ್ಷಮೆಯಿದೆ ಮಗೂ. ಮುಂದಿನ ಸುತ್ತಿಗೆ ಮೊದಲು ಸರಿಪಡಿಸಿದರಾಯಿತು. ದಾರ ಸವೆದಿತ್ತೇ?"

"ಇಲ್ಲ ಸರ್, ಹೊಸ ದಾರ. ಬೆಳಿಗ್ಗೆ ಅವಸರದಲ್ಲಿ ಗಂಟು ನಾನೇ ಸರಿಯಾಗಿ ಹಾಕಲಿಲ್ಲ."

ಅವರು ಸುಮ್ಮನಾದರು. ಅವಳು ಪಂದ್ಯದ ಕಚೇರಿಗೆ ಹೋಗಿ, ಆ ಸುತ್ತಿನಿಂದ ಹಿಂದೆ ಸರಿದೆನೆಂದು ಬರೆದುಕೊಟ್ಟು ಬಂದಳು. ಮೂರನೆಯ ಸ್ಥಾನ ಹೋಯಿತು. ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಾಡಿತು. "ಯಾರೂ ನೋಡಿರಲಿಲ್ಲವಲ್ಲೇ" ಎಂದಳು.

"ಕಟ್ಟಿದವಳು ನಾನಲ್ಲವೇನಮ್ಮಾ" ಎಂದು ಹುಡುಗಿ ಅಂದಳು. ಆ ಮಾತಿನಲ್ಲಿ ಹೆಮ್ಮೆಯಿರಲಿಲ್ಲ, ಅಳು ತಡೆದ ದನಿಯಿತ್ತು.

ದೋಣಿಯನ್ನು ವರ್ಗದ ನಿಯಮಕ್ಕೆ ತಕ್ಕಂತೆ ಇಟ್ಟುಕೊಳ್ಳುವ ಹೊಣೆ ಅದರ ಒಡೆಯನದು ಮತ್ತು ನಡೆಸುವವನದು ಎಂದು ಪಂದ್ಯದ ನಿಯಮಾವಳಿ ಹೇಳುತ್ತದೆ. ತಪಾಸಣೆಯವರು ಒಮ್ಮೆ ಅಳೆದು ಹೋಗುವರು. ನೀರಿನ ಮೇಲೆ ಪ್ರತಿಕ್ಷಣವೂ ಅಳೆಯುವವರು ಯಾರು? ತಪ್ಪಿದವನು ತಾನೇ ಒಪ್ಪಿಕೊಂಡು ದಂಡ ತೆರಬೇಕೆಂಬ ನಂಬಿಕೆಯ ಮೇಲೆಯೇ ಈ ಆಟ ನಿಂತಿದೆ.

ಸಂಜೆ ನಾನು ಹೊರಡುವಾಗ ಹಿರಿಯರು ಆ ಹುಡುಗಿಯ ಪಕ್ಕದಲ್ಲಿ ಕುಳಿತು, ಜಾರದ ಗಂಟು ಹಾಕುವುದನ್ನು ತೋರಿಸುತ್ತಿದ್ದರು. ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದರು. ತಾಯಿ ಬುತ್ತಿಯ ಡಬ್ಬಿ ಬಿಚ್ಚಿ ಮಗಳ ಬಾಯಿಗೆ ತುತ್ತಿಡುತ್ತಿದ್ದಳು, ಹುಡುಗಿಯ ಎರಡು ಕೈಗಳಿಗೂ ಬಿಡುವಿರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ಮಹಬೂಬನಗರ ದಾಟುವವರೆಗೂ ನಿದ್ದೆ ಬರಲಿಲ್ಲ. ನಾರಾಯಣಪೇಟೆಯ ಮಗ್ಗಗಳಲ್ಲಿ ಸೀರೆ ನೇಯುವ ನಮ್ಮವರ ನೆನಪಾಗುತ್ತಿತ್ತು. ಒಂದು ಎಳೆ ತಪ್ಪಿದರೆ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಆದರೂ ನೇಕಾರ ಮಗ್ಗ ನಿಲ್ಲಿಸಿ, ಹಿಂದಕ್ಕೆ ಬಿಚ್ಚಿ, ಆ ಎಳೆಯನ್ನು ಕೂಡಿಸುತ್ತಾನೆ. ನಾನು ಅದನ್ನು ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದೆ. ಅದು ಎಷ್ಟು ದೊಡ್ಡ ಕೆಲಸವೆಂದು ತಿಳಿಯಲು ಹುಸೇನ್ ಸಾಗರದ ದಡಕ್ಕೆ ಹೋಗಬೇಕಾಯಿತು.